ಕಾಲೇಜು ಆರಿಸುವಾಗ ಹಾಸ್ಟೆಲ್ ಮೆಸ್ಸನ್ನೂ ನೋಡಿ ಬನ್ನಿ

ಪಿಯುಸಿ ಫಲಿತಾಂಶ ಬಂದು, ಸಿಇಟಿ ಮತ್ತು ನೀಟ್ ರ‍್ಯಾಂಕ್ ಕೈಗೆ ಸಿಕ್ಕ ಮೇಲೆ ನಮ್ಮ ಮನೆಗಳಲ್ಲಿ ಒಂದೇ ಮಾತು: ಯಾವ ಕಾಲೇಜು? ಫೀಸು ಎಷ್ಟು, ಊರಿನಿಂದ ಎಷ್ಟು ದೂರ, ಕೆಲಸ ಸಿಗುತ್ತದೆಯೇ, ಹಾಸ್ಟೆಲ್‌ನಲ್ಲಿ ಮಕ್ಕಳ ಮೇಲೆ ನಿಗಾ ಇದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಆದರೆ ಮುಂದಿನ ನಾಲ್ಕು ವರ್ಷ ಮಗು ಏನು ತಿನ್ನುತ್ತದೆ, ಯಾವ ನೀರು ಕುಡಿಯುತ್ತದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಆರೇಳು ತಿಂಗಳ ನಂತರ ನನ್ನಂಥ ವೈದ್ಯರ ದವಾಖಾನೆಗೆ ಬರುತ್ತದೆ.

ಕಳೆದ ವರ್ಷ ಪಕ್ಕದ ತಾಲೂಕಿನ ತಾಯಿಯೊಬ್ಬರು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದ ಮಗಳನ್ನು ಕರೆತಂದಿದ್ದರು. "ಹಕೀಮ್ ಸಾಬ್, ತಲೆಕೂದಲು ಮುಷ್ಟಿಗಟ್ಟಲೆ ಉದುರ್ತಾ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು. ತಾಕತ್ತಿಗೆ ಒಂದು ಮಾಜೂನ್ ಕೊಡಿ" ಎಂದರು. ಮಾಜೂನ್ ಕೊಡುವ ಮೊದಲು ನಾನು ಹುಡುಗಿಯನ್ನು ಕೇಳಿದೆ: "ಬೇಟಿ, ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಏನು ತಿಂತೀಯ?" ಅವಳು ತಾಯಿಯ ಮುಖ ನೋಡಿ ನಂತರ ಹೇಳಿದಳು. ತಿಂಡಿ ಎಂಟು ಗಂಟೆಗೆ, ಕ್ಲಾಸು ಎಂಟೂವರೆಗೆ. ಸಾಲಿನಲ್ಲಿ ನಿಂತರೆ ಹಾಜರಿ ಹೋಗುತ್ತದೆ. ಹಾಗಾಗಿ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಬಿಳಿ ಅನ್ನ, ನೀರಿನಂಥ ಸಾಂಬಾರ್. ರಾತ್ರಿ ಚಪಾತಿ ಗಟ್ಟಿಯಾಗಿರುತ್ತದೆಂದು ನೂಡಲ್ಸ್. ಭಾನುವಾರ ಚಿಕನ್ ಇರುತ್ತದೆ, ಆದರೆ ಹಲಾಲ್ ಹೌದೋ ಅಲ್ಲವೋ ತಿಳಿಯದೆ ಅವಳು ಮುಟ್ಟಿಲ್ಲ. ಅದನ್ನು ಯಾರ ಬಳಿಯೂ ಕೇಳಿಲ್ಲ, ಸಂಕೋಚ. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.6. ತಾಯಿ ಕಣ್ಣೊರೆಸಿಕೊಂಡು ಹೇಳಿದರು: "ಫೀಸು ಕೇಳಿದ್ವಿ, ಬಸ್ಸು ಕೇಳಿದ್ವಿ, ಪ್ಲೇಸ್‌ಮೆಂಟ್ ಕೇಳಿದ್ವಿ. ಊಟ ಮಾತ್ರ ಕೇಳಲಿಲ್ಲ ಡಾಕ್ಟ್ರೇ."

ಅದೇ ತಿಂಗಳು ಇನ್ನೊಬ್ಬ ತಂದೆ ಬಂದರು. ಅವರ ಮಗಳಿಗೆ ದೂರದ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಒಳ್ಳೆಯ ಸೀಟು ಸಿಕ್ಕಿತ್ತು. "ಅಲ್ಲಿ ನಮ್ಮ ಊಟ ಸಿಗಲ್ಲ ಸಾಬ್, ರೋಜಾಕ್ಕೂ ತೊಂದರೆ. ಸೀಟು ಬಿಟ್ಟು ಇಲ್ಲೇ ಡಿಗ್ರಿಗೆ ಸೇರಿಸ್ತೀನಿ" ಎಂದರು. ಆ ಕಾಲೇಜನ್ನು ಅವರು ನೋಡಿರಲೇ ಇಲ್ಲ.

ಒಬ್ಬರು ಊಟದ ವಿಷಯ ಕೇಳಲೇ ಇಲ್ಲ. ಇನ್ನೊಬ್ಬರು ಕೇಳದೆಯೇ ಅದನ್ನು ಕಾರಣ ಮಾಡಿಕೊಂಡರು. ಇವೆರಡರ ನಡುವಿನ ದಾರಿ ಯಾವುದೆಂದು ವೈದ್ಯನಾಗಿ ನನಗೆ ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇನೆ.

ಎಷ್ಟು ಮಹತ್ವ ಕೊಡಬೇಕು?

ಮೊದಲೇ ನೇರವಾಗಿ ಹೇಳುತ್ತೇನೆ: ಊಟವೊಂದನ್ನೇ ನೋಡಿ ಕಾಲೇಜು ಆರಿಸಬಾರದು. ಕೋರ್ಸ್ ಮಗುವಿಗೆ ಒಗ್ಗುತ್ತದೆಯೇ, ಕಾಲೇಜಿಗೆ ಮಾನ್ಯತೆ ಇದೆಯೇ, ಫೀಸು ನಮ್ಮ ಕೈಗೆಟುಕುತ್ತದೆಯೇ, ವಾಸಸ್ಥಳ ಸುರಕ್ಷಿತವೇ ಎಂಬ ನಾಲ್ಕು ಪ್ರಶ್ನೆಗಳು ಮೊದಲು ಬರಬೇಕು. ಊಟ ಐದನೆಯದು. ಆದರೆ ಮೊದಲ ನಾಲ್ಕೂ ಸರಿಯಿದ್ದು ಐದನೆಯದು ಕೆಟ್ಟರೆ, ಮಗು ಪರೀಕ್ಷೆಯ ದಿನ ಹಾಸಿಗೆಯಲ್ಲಿರುತ್ತದೆ.

ಊಟ ಎಂಬ ಒಂದೇ ಪದದಲ್ಲಿ ನಾವು ನಾಲ್ಕು ಬೇರೆ ಬೇರೆ ವಿಷಯಗಳನ್ನು ಸೇರಿಸಿಬಿಡುತ್ತೇವೆ. ಅವುಗಳ ತೂಕ ಒಂದೇ ಅಲ್ಲ.

ಮೊದಲನೆಯದು ನೀರು ಮತ್ತು ಶುಚಿತ್ವ. ಇದರಲ್ಲಿ ರಾಜಿ ಇಲ್ಲ. ಎರಡನೆಯದು ಪೋಷಣೆ ಮತ್ತು ಊಟದ ಸಮಯ. ಇಲ್ಲಿನ ಕೊರತೆಯನ್ನು ನಾವು ಸ್ವಲ್ಪ ಮಟ್ಟಿಗೆ ತುಂಬಿಕೊಡಬಹುದು. ಮೂರನೆಯದು ಹಲಾಲ್ ಮತ್ತು ರಮಝಾನ್‌ನ ವ್ಯವಸ್ಥೆ. ಇದನ್ನು ಸೇರುವ ಮೊದಲೇ ಕೇಳಿಕೊಂಡರೆ ಬಹುಪಾಲು ಪರಿಹಾರ ಸಿಗುತ್ತದೆ. ನಾಲ್ಕನೆಯದು ರುಚಿ. ಅಮ್ಮಿಯ ಕೈರುಚಿ ಯಾವ ಮೆಸ್ಸಿನಲ್ಲೂ ಸಿಗುವುದಿಲ್ಲ, ಅದನ್ನು ಲೆಕ್ಕದಿಂದ ಬಿಟ್ಟುಬಿಡಿ. ದುರದೃಷ್ಟವೆಂದರೆ ಮಕ್ಕಳು ಫೋನಿನಲ್ಲಿ ದೂರುವುದು ಈ ನಾಲ್ಕನೆಯದನ್ನು. ಮೊದಲನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಒಂದು ಸರಳ ಲೆಕ್ಕ ಮಾಡಿ. ವರ್ಷಕ್ಕೆ ಹತ್ತು ತಿಂಗಳು ಹಾಸ್ಟೆಲ್‌ನಲ್ಲಿದ್ದರೆ ಸುಮಾರು 300 ದಿನ. ದಿನಕ್ಕೆ ಮೂರು ಹೊತ್ತು ಎಂದರೆ 900 ಊಟ. ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ 3,600 ಊಟ. ಅದೂ 17-18ರಿಂದ 22ರ ವಯಸ್ಸಿನಲ್ಲಿ. ಎಲುಬುಗಳು ಇನ್ನೂ ಗಟ್ಟಿಯಾಗುತ್ತಿರುವ, ಹೆಣ್ಣುಮಕ್ಕಳಿಗೆ ಮುಂದಿನ ತಾಯ್ತನಕ್ಕೆ ರಕ್ತದ ಸಂಗ್ರಹ ಬೇಕಾದ ಕಾಲವದು.

ಯುನಾನಿ ವೈದ್ಯಪದ್ಧತಿ ಏನು ಹೇಳುತ್ತದೆ?

ನಮ್ಮ ಪದ್ಧತಿಯಲ್ಲಿ ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಇಬ್ನ್ ಸೀನಾರ ಕಾಲದಿಂದಲೂ ಆರೋಗ್ಯವನ್ನು ಈ ಆರರ ಮೇಲೆಯೇ ನಿಲ್ಲಿಸಿದ್ದಾರೆ: ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ರೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಹೋಗುವುದು, ಉಳಿಯಬೇಕಾದದ್ದು ಉಳಿಯುವುದು.

ಮನೆ ಬಿಟ್ಟು ಹಾಸ್ಟೆಲ್ ಸೇರಿದ ಮಗುವಿಗೆ ಈ ಆರೂ ಒಂದೇ ವಾರದಲ್ಲಿ ಬದಲಾಗುತ್ತವೆ. ಊರಿನ ಗಾಳಿ ಬೇರೆ, ನೀರು ಬೇರೆ. ಆಟ ನಿಂತು ಕೂರುವುದು ಹೆಚ್ಚಾಗುತ್ತದೆ. ಮನಸ್ಸಿಗೆ ಮನೆಯ ನೆನಪು. ನಿದ್ರೆ ರಾತ್ರಿ ಒಂದು ಗಂಟೆಗೆ. "ಹವಾ-ಪಾನಿ ಬದಲಾಯ್ತು" ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ದೇಹ ಹೊಸದಕ್ಕೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಆ ವಾರಗಳಲ್ಲೇ ಹೊಟ್ಟೆ ಮೊದಲು ಕೆಡುತ್ತದೆ.

ಆರನೆಯ ಕಾರಣವನ್ನು ಪಾಲಕರು ಊಹಿಸುವುದೇ ಇಲ್ಲ. ಹಾಸ್ಟೆಲ್ ಶೌಚಾಲಯ ಕೊಳಕಾಗಿದ್ದರೆ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಫಲ: ಮಲಬದ್ಧತೆ, ಮೂತ್ರದಲ್ಲಿ ಉರಿ, ಸೋಂಕು. ತಿಂಗಳ ದಿನಗಳಲ್ಲಂತೂ ಕಷ್ಟ ಇನ್ನೂ ಹೆಚ್ಚು. ಆದ್ದರಿಂದ ಮೆಸ್ ನೋಡಲು ಹೋದವರು ಶೌಚಾಲಯವನ್ನೂ ನೋಡಿ. ಊಟ ಒಳಹೋಗುವ ಜಾಗ, ಹೊರಬರುವ ಜಾಗ, ಎರಡೂ ಆರೋಗ್ಯದ ಲೆಕ್ಕಕ್ಕೆ ಸೇರಿದವು.

ನಾನು ಕಳೆದುಕೊಂಡ ಒಂದು ಪರೀಕ್ಷೆ

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಬಿಯುಎಂಎಸ್ ಓದುವಾಗ ಎರಡನೆಯ ವರ್ಷ ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನಿಗೆ ಜ್ವರ ಬಂತು, ವಾಂತಿಯಾಯಿತು, ಕಣ್ಣು ಹಳದಿಯಾಯಿತು. ಹದಿನೈದು ದಿನದೊಳಗೆ ಒಂದೇ ಮಹಡಿಯ ನಾಲ್ಕು ಮಂದಿಗೆ ಕಾಮಾಲೆ. ನಾಲ್ಕನೆಯವನು ನಾನು. ವೈದ್ಯಕೀಯ ಓದುತ್ತಿದ್ದ ನಾವೇ ಅಡುಗೆಯವನ ಮೇಲೆ ಕೂಗಾಡಿದೆವು, ಎಣ್ಣೆ ಕೆಟ್ಟದ್ದು ಎಂದೆವು. ಕೊನೆಗೆ ತಿಳಿದದ್ದು: ಕೊಳಚೆ ಪೈಪ್ ಒಡೆದು ನೆಲದಡಿಯ ಸಂಪ್‌ಗೆ ಸೋರುತ್ತಿತ್ತು. ಅಡುಗೆಯವನ ತಪ್ಪೇನೂ ಇರಲಿಲ್ಲ. ನಾವು ದಿನವೂ ಆ ನೀರನ್ನೇ ಕುಡಿಯುತ್ತಿದ್ದೆವು.

ಆರು ವಾರ ಊರಿನಲ್ಲಿ ಮಲಗಿದ್ದೆ. ಗಂಜಿ, ಕಬ್ಬಿನ ಹಾಲು, ಅಮ್ಮಿಯ ದುಆ. ವಾಸಿಯಾಯಿತು, ಆದರೆ ಆ ಸಲದ ಪರೀಕ್ಷೆ ಹೋಯಿತು. ಅಬ್ಬಾ ಇನ್ನೊಂದು ಅವಧಿಯ ಫೀಸಿಗೆ ಸಾಲ ಮಾಡಿದರು. ಹಾಸ್ಟೆಲ್ ಸೇರುವಾಗ ಸಂಪ್ ಎಲ್ಲಿದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಕಾಮಾಲೆಗೆ ಹೆಚ್ಚಾಗಿ ಕಾರಣವಾಗುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಹರಡುತ್ತವೆ. ಹೆಪಟೈಟಿಸ್ ಎ ಸಾಮಾನ್ಯವಾಗಿ 2ರಿಂದ 4 ವಾರದ ನಂತರ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮಗು ರಜೆಗೆ ಮನೆಗೆ ಬಂದಾಗ ಕಾಯಿಲೆ ಬಿದ್ದರೆ ಮದುವೆಯೂಟದ ಮೇಲೆ ಅನುಮಾನ ಪಡುತ್ತೇವೆ, ನಿಜವಾದ ಕಾರಣ ಹಾಸ್ಟೆಲ್‌ನಲ್ಲೇ ಉಳಿದಿರುತ್ತದೆ. ಟೈಫಾಯ್ಡ್ ಹರಡುವ ದಾರಿಯೂ ಇದೇ.

ಹೆಪಟೈಟಿಸ್ ಎ ಮತ್ತು ಟೈಫಾಯ್ಡ್ ಎರಡಕ್ಕೂ ಲಸಿಕೆ ಇದೆ. ಹಾಸ್ಟೆಲ್‌ಗೆ ಕಳಿಸುವ ಕೆಲವು ವಾರ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ನಾನು ಯುನಾನಿ ವೈದ್ಯ, ಆದರೂ ಹೇಳುತ್ತೇನೆ: ಇವೆರಡಕ್ಕೆ ನಮ್ಮ ಪದ್ಧತಿಯಲ್ಲಿ ಬದಲಿ ಇಲ್ಲ. ಕಾಮಾಲೆ ಬಂದ ಮೇಲೆ ಎಲ್ಲೆಲ್ಲಿಯೋ ಸೊಪ್ಪಿನ ರಸ ಕುಡಿಸಿ ದಿನ ಕಳೆಯುವುದೂ ಬೇಡ. ಮೊದಲು ಪರೀಕ್ಷೆ, ನಂತರ ಔಷಧ.

ಮೆಸ್ ನೋಡುವುದು ಹೇಗೆ?

ಕೌನ್ಸೆಲಿಂಗ್‌ಗೆ ಆಯ್ಕೆ ತುಂಬುವ ಮೊದಲು, ಅದಾಗದಿದ್ದರೆ ಫೀಸು ಕಟ್ಟುವ ಮೊದಲು, ಒಂದು ದಿನ ಹೋಗಿ ಬನ್ನಿ. ಕಚೇರಿಯ ಸಮಯಕ್ಕೆ ಹೋದರೆ ಕಟ್ಟಡ ತೋರಿಸಿ ಕಳಿಸುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಹೋಗಿ, ಕೂಪನ್ ತೆಗೆದುಕೊಂಡು ಮಕ್ಕಳ ನಡುವೆ ಕುಳಿತು ಊಟ ಮಾಡಿ. ಹತ್ತು ನಿಮಿಷದಲ್ಲಿ ಅರ್ಧ ಉತ್ತರ ಸಿಗುತ್ತದೆ. ನೋಡಬೇಕಾದವು ಇವು:

1. ಕುಡಿಯುವ ನೀರು. ಆರ್‌ಒ ಯಂತ್ರ ಇದೆ ಎಂದರೆ ಸಾಲದು. ಸರ್ವಿಸ್ ಮಾಡಿದ ದಿನಾಂಕವನ್ನು ಯಂತ್ರದ ಮೇಲೆ ಬರೆದಿದ್ದಾರೆಯೇ? ಶುದ್ಧವಾದ ನೀರನ್ನು ಮತ್ತೆ ಮುಚ್ಚಳವಿಲ್ಲದ ಡ್ರಮ್‌ಗೆ ತುಂಬುತ್ತಾರೆಯೇ? ಎಲ್ಲರೂ ಒಂದೇ ಲೋಟವನ್ನು ಅದ್ದಿ ಕುಡಿಯುತ್ತಾರೆಯೇ? ಹಾಗಿದ್ದರೆ ಯಂತ್ರ ಇದ್ದೂ ಪ್ರಯೋಜನವಿಲ್ಲ. ಸಂಪ್ ಮತ್ತು ಟ್ಯಾಂಕ್ ಕೊನೆಯ ಬಾರಿ ಯಾವಾಗ ತೊಳೆದದ್ದು ಎಂದು ಕೇಳಿ. ಗೊತ್ತಿರುವವರು ತಡವರಿಸದೆ ಹೇಳುತ್ತಾರೆ.

2. ಪರವಾನಗಿ. ಮೆಸ್ ಅಥವಾ ಕ್ಯಾಂಟೀನ್ ನಡೆಸುವವರು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಪರವಾನಗಿ ಅಥವಾ ನೋಂದಣಿ ಪಡೆದು, 14 ಅಂಕಿಯ ಸಂಖ್ಯೆಯಿರುವ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಕಾಗದ ಇದ್ದ ಮಾತ್ರಕ್ಕೆ ಅಡುಗೆ ಶುಚಿ ಎಂದಲ್ಲ, ಆದರೆ ಕಾಗದವೂ ಇಲ್ಲದಿದ್ದರೆ ದೂರು ಕೊಡಲು ಹಿಡಿತವೇ ಇರುವುದಿಲ್ಲ.

3. ಕೈ. ಬಡಿಸುವವರ ಉಗುರು ನೋಡಿ. ಕೈತೊಳೆಯುವ ಜಾಗದಲ್ಲಿ ಸೋಪು ಇದೆಯೇ ನೋಡಿ. ಮಕ್ಕಳಿಗೂ ಅಡುಗೆಯವರಿಗೂ ಸೋಪಿಲ್ಲದ ಹಾಸ್ಟೆಲ್‌ನಲ್ಲಿ ಉಳಿದ ವಿಚಾರ ಕೇಳುವುದೇ ಬೇಡ.

4. ಉಳಿದ ಅನ್ನ. ಬೆಳಗಿನ ಚಿತ್ರಾನ್ನ, ಪುಳಿಯೋಗರೆಗೆ ಅನ್ನ ಯಾವಾಗ ಮಾಡಿದ್ದು? ಮನೆಯಲ್ಲಿ ಒಂದು ತಟ್ಟೆ ಅನ್ನ ಬೇಗ ಆರುತ್ತದೆ. ಹಾಸ್ಟೆಲ್‌ನ ದೊಡ್ಡ ಹಂಡೆಯಲ್ಲಿ ರಾತ್ರಿಯ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುತ್ತದೆ. ಆಗ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ, ಒಗ್ಗರಣೆ ಹಾಕಿದರೂ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ಹತ್ತಾರು ಮಕ್ಕಳಿಗೆ ಒಟ್ಟಿಗೆ ವಾಂತಿಯಾದರೆ ಇದನ್ನೂ ಅನುಮಾನಿಸಬೇಕು.

5. ಸಮಯ. ತಿಂಡಿಯ ಸಮಯಕ್ಕೂ ಮೊದಲ ಕ್ಲಾಸಿಗೂ ನಡುವೆ ಎಷ್ಟು ಅಂತರ? ಸಾಲು ಎಷ್ಟು ಉದ್ದ? ಗಂಡುಮಕ್ಕಳ ಪಾಲಕರು ಶುಕ್ರವಾರದ ಊಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೂ ಕೇಳಬೇಕು. ಜುಮಾ ನಮಾಝ್ ಮುಗಿಸಿ ಬರುವಷ್ಟರಲ್ಲಿ ಮೆಸ್ ಮುಚ್ಚಿದ್ದರೆ ವಾರಕ್ಕೊಂದು ಊಟ ಹೋಯಿತು.

6. ಕಾಯಿಲೆ ಬಿದ್ದಾಗ. ಜ್ವರ ಬಂದ ಮಗುವಿಗೆ ಗಂಜಿ ಕೊಡುವವರು ಯಾರು? ಕೋಣೆಗೆ ಊಟ ತರಲು ಬಿಡುತ್ತಾರೆಯೇ? ಹತ್ತಿರ ವೈದ್ಯರಿದ್ದಾರೆಯೇ?

ಇಷ್ಟಾದ ಮೇಲೆ ವಾರ್ಡನ್ ಇಲ್ಲದ ಕಡೆ ಎರಡನೇ ವರ್ಷದ ಇಬ್ಬರು ಮಕ್ಕಳನ್ನು ಕೇಳಿ: "ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಮಂದಿಗೆ ಕಾಮಾಲೆ, ಟೈಫಾಯ್ಡ್ ಬಂದಿತ್ತು? ದೂರು ಹೇಳಿದರೆ ಯಾರಾದರೂ ಕೇಳುತ್ತಾರಾ?" ವಿದ್ಯಾರ್ಥಿಗಳೂ ಇರುವ ಮೆಸ್ ಸಮಿತಿ ಇದ್ದರೆ ಅದು ಒಳ್ಳೆಯ ಲಕ್ಷಣ.

ತಟ್ಟೆಯಲ್ಲಿ ಏನಿದೆ?

ವಾರದ ಮೆನು ಗೋಡೆಯ ಮೇಲೆ ಇರುತ್ತದೆ. ಅದನ್ನು ಫೋಟೊ ತೆಗೆದುಕೊಳ್ಳಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ 16ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೊಟೀನ್ ಮತ್ತು 32 ಮಿಲಿಗ್ರಾಂ ಕಬ್ಬಿಣಾಂಶ, ಗಂಡುಮಕ್ಕಳಿಗೆ 55 ಗ್ರಾಂ ಪ್ರೊಟೀನ್ ಮತ್ತು 26 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇದೆ. ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ, ಒಂದು ಬಟ್ಟಲು ಗಟ್ಟಿ ಬೇಳೆ, ಪ್ರತಿಯೊಂದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಬಿಳಿ ಅನ್ನ ಮತ್ತು ತಿಳಿ ಸಾಂಬಾರ್‌ನಿಂದ ಹೊಟ್ಟೆ ತುಂಬುತ್ತದೆ, ಈ ಲೆಕ್ಕ ತುಂಬುವುದಿಲ್ಲ.

ರಕ್ತಹೀನತೆಯನ್ನು ಹಗುರವಾಗಿ ನೋಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ನಮ್ಮ ಹುಡುಗಿ ಹಾಸ್ಟೆಲ್‌ಗೆ ಹೋಗುವ ಮೊದಲೇ ಅದು ಅವಳಲ್ಲಿ ಇರಬಹುದು. ಆದ್ದರಿಂದ ಸೂಟ್‌ಕೇಸ್ ಕೊಳ್ಳುವ ಮೊದಲು ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಿಗೆ 12, ಗಂಡುಮಕ್ಕಳಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಗ ಕಬ್ಬಿಣಾಂಶದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ತಿಂಗಳು ನುಂಗಲೇಬೇಕು. ಅಂಗಡಿಯಿಂದ ತಾವೇ ತಂದ ಕುಶ್ತಾ, ಭಸ್ಮಗಳನ್ನು ಮಕ್ಕಳಿಗೆ ಕೊಡಬೇಡಿ. ನನ್ನ ಬಳಿ ಬಂದ ಆ ಹುಡುಗಿಗೂ ನಾನು ಮೊದಲು ಬರೆದದ್ದು ಕಬ್ಬಿಣಾಂಶದ ಮಾತ್ರೆಯನ್ನೇ. ನೆಲ್ಲಿಕಾಯಿ ಮುರಬ್ಬಾ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಇಲ್ಲಿ ಒಂದು ಸಣ್ಣ ಅಭ್ಯಾಸ ದೊಡ್ಡ ವ್ಯತ್ಯಾಸ ಮಾಡುತ್ತದೆ. ಊಟದ ಜೊತೆ ಅಥವಾ ಊಟವಾದ ತಕ್ಷಣ ಚಹಾ ಕುಡಿದರೆ ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ಗಂಟೆ ಅಂತರವಿರಲಿ. ಅದೇ ಊಟದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಸೇರುತ್ತದೆ. ಇದಕ್ಕೆ ಮೆಸ್ ಸಮಿತಿಯ ಅಪ್ಪಣೆ ಬೇಕಿಲ್ಲ.

ಹಲಾಲ್ ಪ್ರಶ್ನೆ

ಇದನ್ನು ಸಂಕೋಚವಿಲ್ಲದೆ ಸೇರುವ ದಿನವೇ ಕೇಳಿ. "ಮಾಂಸ ಯಾವ ಅಂಗಡಿಯಿಂದ ಬರುತ್ತದೆ?" ಎಂಬುದು ಜಗಳದ ಪ್ರಶ್ನೆಯಲ್ಲ, ಮಾಹಿತಿಯ ಪ್ರಶ್ನೆ. ಅನೇಕ ಊರುಗಳಲ್ಲಿ ಮೆಸ್‌ಗೆ ಮಾಂಸ ಕೊಡುವವರು ನಮ್ಮವರೇ ಆಗಿರುತ್ತಾರೆ. ನಮ್ಮ ಮಕ್ಕಳು ಕೇಳದೆ ವರ್ಷವಿಡೀ ಬಿಟ್ಟಿರುತ್ತಾರೆ. ಖಚಿತವಾಗದಿದ್ದರೆ ಅಲ್ಲಿ ಸಸ್ಯಾಹಾರವನ್ನೇ ತಿನ್ನಲಿ. ಒಂದೇ ಎಣ್ಣೆಯಲ್ಲಿ ಕರಿಯುತ್ತಾರೆಯೇ, ಒಂದೇ ಸೌಟು ಬಳಸುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳಲಿ.

ಪೂರ್ತಿ ಸಸ್ಯಾಹಾರಿ ಮೆಸ್ ಎಂದು ಗಾಬರಿಯಾಗಬೇಡಿ. ಮನೆಯಲ್ಲಿ ಮಾಂಸ ತಿಂದು ಬೆಳೆದ ಮಗುವಿಗೆ ಅಲ್ಲಿ ಕಡಿಮೆಯಾಗುವುದು ಮುಖ್ಯವಾಗಿ ಮೂರು: ಪ್ರೊಟೀನ್, ಸುಲಭವಾಗಿ ದೇಹಕ್ಕೆ ಸೇರುವ ಕಬ್ಬಿಣಾಂಶ, ಮತ್ತು ವಿಟಮಿನ್ ಬಿ12. ಬಿ12 ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು-ಮೊಸರುಗಳಲ್ಲಿ ಮಾತ್ರ. ಹಾಗಾಗಿ ಸಸ್ಯಾಹಾರಿ ಮೆಸ್ಸಿನಲ್ಲಿರುವ ಮಗು ದಿನವೂ ಹಾಲು ಅಥವಾ ಮೊಸರನ್ನು ಬಿಡಬಾರದು. ಮೊಟ್ಟೆ ಸಿಗುವ ಕಡೆ ದಿನಕ್ಕೊಂದು ತಿನ್ನಲಿ. ಬರೀ ಉಪ್ಪಿನಕಾಯಿ ಹಚ್ಚಿಕೊಂಡು ಅನ್ನ ನುಂಗಿ "ನಾನು ಹಲಾಲ್ ಪಾಲಿಸುತ್ತಿದ್ದೇನೆ" ಎಂದರೆ ದೇಹದ ಹಕ್ಕು ಉಳಿದುಹೋಗುತ್ತದೆ. ದೇಹವೂ ನಮಗೆ ಕೊಟ್ಟ ಅಮಾನತ್ ಅಲ್ಲವೇ?

ರಮಝಾನ್‌ನಲ್ಲಿ

ಈ ವರ್ಷ ಸೇರುವ ಮಕ್ಕಳ ಪಾಲಕರು ಇದನ್ನು ವಿಶೇಷವಾಗಿ ಗಮನಿಸಬೇಕು. ರಮಝಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2027ರಲ್ಲಿ ಫೆಬ್ರವರಿ ಎರಡನೇ ವಾರದಲ್ಲಿ, 2028ರಲ್ಲಿ ಜನವರಿ ಕೊನೆಗೆ, 2029ರಲ್ಲಿ ಜನವರಿ ನಡುವೆ, 2030ರಲ್ಲಿ ಜನವರಿ ಮೊದಲ ವಾರದಲ್ಲಿ ಆರಂಭವಾಗುವ ಅಂದಾಜಿದೆ. ಚಂದ್ರದರ್ಶನದಂತೆ ಒಂದು ದಿನ ಹಿಂದುಮುಂದಾಗಬಹುದು. ಅಂದರೆ ಬೇಸಿಗೆ ರಜೆಯಲ್ಲಿ ಮನೆಯಲ್ಲೇ ರೋಜಾ ಹಿಡಿಯುವ ಅವಕಾಶ ಇವರಿಗಿಲ್ಲ. ನಾಲ್ಕೂ ರಮಝಾನ್ ಕಾಲೇಜು ನಡೆಯುವ ದಿನಗಳಲ್ಲೇ ಬರುತ್ತವೆ. ಒಂದು ಅನುಕೂಲವೂ ಇದೆ: ಚಳಿಗಾಲದ ಹಗಲು ಚಿಕ್ಕದು, ನಮ್ಮ ರಾಜ್ಯದಲ್ಲಿ ರೋಜಾ ಸುಮಾರು 13 ಗಂಟೆ.

ಹಿರಿಯ ವಿದ್ಯಾರ್ಥಿಗಳನ್ನು ಕೇಳಿ: "ಕಳೆದ ರಮಝಾನ್‌ನಲ್ಲಿ ಸಹ್ರಿಗೆ ಏನು ಮಾಡಿದಿರಿ?" ಕೆಲವು ಕಡೆ ಮಕ್ಕಳು ಸೇರಿ ಮೊದಲೇ ಅರ್ಜಿ ಕೊಟ್ಟರೆ ರಾತ್ರಿಯ ಊಟವನ್ನು ಡಬ್ಬಿಗೆ ತುಂಬಿಕೊಡುತ್ತಾರೆ, ಇಫ್ತಾರ್ ಸಮಯಕ್ಕೆ ಊಟ ಎತ್ತಿಡುತ್ತಾರೆ. ಕೆಲವು ಕಡೆ ಹತ್ತಿರದ ಮಸೀದಿಯಿಂದ ವ್ಯವಸ್ಥೆಯಾಗುತ್ತದೆ. ಏನೂ ಇಲ್ಲದ ಕಡೆ ಒಲೆಯಿಲ್ಲದೆ ಮಾಡಿಕೊಳ್ಳುವ ಸಹ್ರಿ ಇದು: ಅವಲಕ್ಕಿಯನ್ನು ಆಗಲೇ ಒಡೆದ ಪ್ಯಾಕೆಟ್ ಮೊಸರಿನಲ್ಲಿ ನೆನೆಸಿ, ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ಹಿಡಿ ಶೇಂಗಾ, ಎರಡು ಲೋಟ ನೀರು. ರಾತ್ರಿಯ ಸಾಂಬಾರ್ ಅನ್ನವನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಮುಂಜಾನೆ ತಿನ್ನುವುದು ಬೇಡ, ಮೇಲೆ ಹೇಳಿದ ಅನ್ನದ ಅಪಾಯ ಇಲ್ಲಿಯೂ ಇದೆ. ಚಪಾತಿಯಾದರೆ ಉಳಿಯುತ್ತದೆ. ಸಹ್ರಿಯೇ ಇಲ್ಲದೆ ಬರೀ ನೀರು ಕುಡಿದು ರೋಜಾ ಇಟ್ಟು ಲ್ಯಾಬ್‌ನಲ್ಲಿ ತಲೆಸುತ್ತಿ ಬಿದ್ದ ಮಕ್ಕಳನ್ನು ನೋಡಿದ್ದೇನೆ. ಸಹ್ರಿಯಲ್ಲಿ ಬರ್ಕತ್ ಇದೆ ಎಂದು ಮನೆಯಲ್ಲಿ ಹೇಳಿಕೊಡುತ್ತೇವೆ, ಅದನ್ನು ಹಾಸ್ಟೆಲ್‌ಗೂ ಕಟ್ಟಿಕೊಡಬೇಕು.

ಮೆಸ್ ಸರಿಯಿಲ್ಲದಿದ್ದರೆ?

ಓದು ಒಳ್ಳೆಯದು, ಮೆಸ್ ಕೆಟ್ಟದು ಎನ್ನುವ ಕಾಲೇಜುಗಳೇ ಹೆಚ್ಚು. ಆಗ ಸೀಟು ಬಿಡುವ ಮೊದಲು ಬೇರೆ ದಾರಿಗಳನ್ನು ನೋಡಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಅನೇಕ ಊರುಗಳಲ್ಲಿವೆ. ಹಾಸ್ಟೆಲ್ ಸಿಗದವರು ಊಟ ಮತ್ತು ವಸತಿಯ ಸಹಾಯಧನದ ಬಗ್ಗೆಯೂ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿಯ ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ. ಕಾಲೇಜಿನ ಹತ್ತಿರ ಸಮುದಾಯದ ಟ್ರಸ್ಟ್‌ಗಳ ಹಾಸ್ಟೆಲ್ ಇದೆಯೇ ಕೇಳಿ. ಅಲ್ಲಿಯೂ ನೀರು, ಸಂಪ್, ಸೋಪಿನ ಪರೀಕ್ಷೆ ಬಿಡಬೇಡಿ. ನಮ್ಮವರ ಹಾಸ್ಟೆಲ್ ಎಂದ ಮಾತ್ರಕ್ಕೆ ಟ್ಯಾಂಕ್ ತಾನಾಗಿ ಶುಚಿಯಾಗುವುದಿಲ್ಲ. ಪಿಜಿ ಆದರೆ ಅಡುಗೆಮನೆ ಬಳಸಲು ಬಿಡುತ್ತಾರೆಯೇ ಕೇಳಿ. ನಾಲ್ಕು ಮಕ್ಕಳು ಸೇರಿ ಒಂದು ಮನೆಯಿಂದ ಡಬ್ಬಿ ತರಿಸಿಕೊಳ್ಳುವ ಏರ್ಪಾಡೂ ಆಗುತ್ತದೆ.

ಗಂಡುಮಕ್ಕಳಿಗೂ ಅಡುಗೆ ಕಲಿಸಿ ಕಳಿಸಿ. ಅನ್ನ, ಬೇಳೆ, ಮೊಟ್ಟೆ ಮಾಡಲು ಬಂದ ಹುಡುಗ ಎಲ್ಲಿಯೂ ಉಪವಾಸ ಬೀಳುವುದಿಲ್ಲ.

ಕೋಣೆಯ ಪೆಟ್ಟಿಗೆಯಲ್ಲಿ ಇರಬೇಕಾದವು: ಹುರಿಗಡಲೆ, ಶೇಂಗಾ, ಖರ್ಜೂರ, ಬೆಲ್ಲದ ಚಿಕ್ಕಿ, ರಾಗಿ ಹುರಿಹಿಟ್ಟು. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಬಿಸಿ ಹಾಲಿನಲ್ಲಿ ಕಲಸಿದರೆ ತಿಂಡಿ ತಪ್ಪಿದ ದಿನ ಅದೇ ತಿಂಡಿ. ಜೊತೆಗೆ ಸ್ವಂತ ನೀರಿನ ಬಾಟಲಿ, ಸ್ವಂತ ಲೋಟ, ಒಂದು ಸೋಪು, ಓಆರ್‌ಎಸ್ ಪೊಟ್ಟಣಗಳು. ನೀರಿನ ಮೇಲೆ ಅನುಮಾನವಿದ್ದರೆ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಆರಿಸಿ ಕುಡಿಯಲಿ. ಬಿರಿಯಾನಿ ಡಬ್ಬಿ ಕಟ್ಟಿ ಎಂಟು ಗಂಟೆಯ ಬಸ್ಸಿನಲ್ಲಿ ಕಳಿಸುವ ತಾಯಂದಿರಿಗೆ ನನ್ನ ವಿನಂತಿ: ಪ್ರೀತಿ ಇರಲಿ, ಆದರೆ ಆ ಬಿರಿಯಾನಿ ಬೇಡ. ಒಣ ತಿಂಡಿ ಕಳಿಸಿ.

ಫೋನಿನಲ್ಲಿ "ಊಟ ಆಯ್ತಾ?" ಎಂದು ಮಾತ್ರ ಕೇಳಬೇಡಿ, ಅದಕ್ಕೆ ಉತ್ತರ ಯಾವಾಗಲೂ "ಆಯ್ತು" ಎಂದೇ. "ಬೆಳಿಗ್ಗೆ ಏನು ತಿಂದೆ? ನೀರು ಎಷ್ಟು ಕುಡಿದೆ?" ಎಂದು ಕೇಳಿ. ಎರಡು ದಿನಕ್ಕಿಂತ ಹೆಚ್ಚು ಜ್ವರ, ಗಾಢ ಹಳದಿ ಮೂತ್ರ, ಕಣ್ಣಿನಲ್ಲಿ ಹಳದಿ, ನಿಲ್ಲದ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ಇವುಗಳಲ್ಲಿ ಒಂದನ್ನು ಹೇಳಿದರೂ ಪರೀಕ್ಷೆ ಹತ್ತಿರವಿದೆ ಎಂದು ಮುಂದೂಡದೆ ಅಲ್ಲಿಯೇ ವೈದ್ಯರಿಗೆ ತೋರಿಸಿ.

ಕೊನೆಗೆ ಆ ತಂದೆಯ ವಿಷಯ. ಸೀಟು ಬಿಡಲು ಇನ್ನೂ ನಾಲ್ಕು ದಿನವಿತ್ತು. "ಬೇಡ ಅನ್ನುವ ಮೊದಲು ಒಮ್ಮೆ ಹೋಗಿ ಅಲ್ಲಿ ಊಟ ಮಾಡಿ ಬನ್ನಿ" ಎಂದು ಹೇಳಿ ಕಳಿಸಿದೆ. ಅವರು ಮಗಳನ್ನೂ ಕರೆದುಕೊಂಡು ಹೋದರು. ಕಾಲೇಜಿನ ಮೆಸ್ ಸಸ್ಯಾಹಾರಿ, ಹಾಲು-ಮೊಸರು ಇತ್ತು, ನೀರಿನ ಟ್ಯಾಂಕ್ ಮೇಲೆ ತೊಳೆದ ದಿನಾಂಕ ಬರೆದಿತ್ತು. ಅದೇ ಹಾಸ್ಟೆಲ್‌ನಲ್ಲಿದ್ದ ಮೂವರು ಮುಸ್ಲಿಂ ಹುಡುಗಿಯರು ರಮಝಾನ್‌ನಲ್ಲಿ ಸಹ್ರಿಯ ಡಬ್ಬಿ ಹೇಗೆ ಪಡೆಯುತ್ತಾರೆಂದು ವಿವರಿಸಿದರು. ಅನ್ನ ಸ್ವಲ್ಪ ಮುದ್ದೆಯಾಗಿತ್ತಂತೆ. ಮಗಳು ಈಗ ಎರಡನೇ ವರ್ಷದಲ್ಲಿದ್ದಾಳೆ.

ಊಟ ಸರಿಯಿಲ್ಲ ಎಂಬುದು ಮಗುವಿನ ಓದು ನಿಲ್ಲಿಸಲು ಕಾರಣವಾಗಬಾರದು. ವಿಚಾರಿಸಲು, ಬೇರೆ ಏರ್ಪಾಡು ಮಾಡಲು ಕಾರಣವಾಗಲಿ. ಈ ಸಲ ಕಾಲೇಜಿಗೆ ಹೋಗುವಾಗ ಫೀಸಿನ ಕೌಂಟರ್‌ಗಿಂತ ಮೊದಲು ಸಂಪ್ ಎಲ್ಲಿದೆ ಎಂದು ಕೇಳಿ.